ಯಾವ ಏಳು

ಟೀವಿಯಲ್ಲಿ ಹೇಳಿದರು, ಎಲ್ಲೋ ಒಂದು ಸೀಮೆಯವರು
ಬೇಸಿಗೆಗೊಮ್ಮೆ ಚಳಿಗೊಮ್ಮೆ ಗಡಿಯಾರ ತಿರುವಿ ತಿರುವಿ ಬೇಸತ್ತು
ಇನ್ನು ಸಾಕು ಅಂದರಂತೆ.
ಅಕ್ಕ ಕಂಪ್ಲಿಯಿಂದ ಫೋನು ಮಾಡಿದಳು:
"ಹೆಚ್ಚಾದ ತಾಸು ಯಾರ ಮನಿಗೆ ಕೊಟ್ರಂತ?"

ಕೇಳುವ ಹಕ್ಕು ಅವಳಿಗುಂಟು.
ಉರುಕುಂದಮ್ಮ ಹುಟ್ಟಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ,
ನಲವತ್ತನಾಲ್ಕರ ಶ್ರಾವಣ,
ದೊರೆಗಳು ದೇಶದ ಗಡಿಯಾರಗಳನ್ನೆಲ್ಲ
ಒಂದು ತಾಸು ಮುಂದಕ್ಕೆ ದಬ್ಬಿದ್ದ ಕಾಲ.
ಯುದ್ಧಕ್ಕೆ ಬೆಳಕು ಬೇಕಂತೆ.
ಅಪ್ಪ ಲೋಕೋ ಷೆಡ್ಡಿನ ಖಲಾಸಿ. ಅವನಿಗೆ ಯುದ್ಧದ ತಾಸು.
ಅವ್ವನಿಗೆ ನೆರಳಿನದು: ಒರಳಕಲ್ಲು ದಾಟಿ
ಮೂರನೇ ಬಂಡೆ ಮುಟ್ಟಿದರೆ ಊಟದ ಹೊತ್ತು.
ಒಂದೇ ಒಲೆ, ಎರಡು ಹೊತ್ತು.
ಚುಕ್ಕಿ ಇರುವಾಗಲೇ ರೊಟ್ಟಿ ಬಡಿಯುತ್ತ ಅನ್ನುತ್ತಿದ್ದಳಂತೆ:
"ಜಗಳ ಯಾರದೋ ಏನೋ, ನಿದ್ದಿ ಮಾತ್ರ ನಂದು."

ಆ ಬೆಳಗ್ಗೆ ಮೋಡ. ಅಂಗಳದಲ್ಲಿ ನೆರಳೇ ಬಿದ್ದಿರಲಿಲ್ಲ.
ಅಪ್ಪ ಷೆಡ್ಡಿನಲ್ಲಿ, ಅವನ ಗಡಿಯಾರ ಅವನ ಜೇಬಿನಲ್ಲಿ.
ಸೂಲಗಿತ್ತಿ ಪೀರಾಂಬಿ ಹೊಕ್ಕಳುಬಳ್ಳಿ ಕೊಯ್ದು
ಗೋಡೆಯಾಚೆ ಕೂಗಿದಳು, "ಎಷ್ಟಾತವ್ವಾ?"
ಪಕ್ಕದ ಮನೆಯ ಟೈಂಪೀಸು ನೋಡಿ ಯಾರೋ ಅಂದರು: ಏಳು.

ಯಾವ ಏಳು?
ಆ ಟೈಂಪೀಸಿನ ಗಾದಿಲಿಂಗಪ್ಪ
ಬಿಳಿಯರ ಮೇಲಿನ ಸಿಟ್ಟಿಗೆ ಮುಳ್ಳು ಸರಿಸಿರಲಿಕ್ಕಿಲ್ಲ ಅಂತ ಒಂದು ಮಾತು.
ಅವನು ಅಲ್ಲೀಪುರದ ಜೈಲು ಸೇರಿದ ಮೇಲೆ
ಕೀ ಕೊಡುತ್ತಿದ್ದ ಹೆಂಡತಿ ಹೆದರಿ ಸರಿಸಿದಳು ಅಂತ ಇನ್ನೊಂದು.
ಬಿಡುಗಡೆಯಾಗಿ ಬಂದವನನ್ನು ಕೇಳಿದರೆ
"ಒಳಗ ಗಂಟಿ ಅವರೇ ಬಾರಸ್ತಿದ್ರು" ಅಂದು
ಎಲೆ ಅಡಿಕೆ ಹಾಕಿಕೊಂಡ.

ಹಾಗಾಗಿ ಅಕ್ಕನಿಗೆ ಎರಡು ಜಾತಕ.
ಒಂದರಲ್ಲಿ ಕರ್ಕ, ಒಂದರಲ್ಲಿ ಸಿಂಹ.
ಒಂದನ್ನು ನೋಡಿ ಸಿರುಗುಪ್ಪದವರು
ಬೆಲ್ಲದ ತಾಟು ಮುಟ್ಟದೆ ಎದ್ದರು.
ಇನ್ನೊಂದನ್ನು ಬಿಚ್ಚಿ ಕಂಪ್ಲಿಯವರು ತಲೆಯಾಡಿಸಿದರು.
ಮದುವೆಯ ಹಿಂದಿನ ರಾತ್ರಿ ಅವಳು ನನ್ನ ಕಿವಿಯಲ್ಲಿ:
"ನಾಳೆ ಹೋಗಾಕಿ ಸಿಂಹದಾಕಿ ನೋಡು.
ಇನ್ನೊಬ್ಬಾಕಿ ಇಲ್ಲೇ ಇರತಾಳ.
ಆಕಿಗೂ ಒಂದು ರೊಟ್ಟಿ ಇಡು."

ಇಟ್ಟೆನೆ? ನೆನಪಿಲ್ಲ. ನಾನು ನಲವತ್ತೇಳರವಳು,
ನನಗೆ ಒಂದೇ ಗಂಟೆ, ಒಂದೇ ಹಾಳೆ,
ಅದೂ ಗೆದ್ದಲು ತಿಂದಿದೆ.

ನಾನು ಕಾಣದ್ದು, ಅವ್ವ ಹೇಳಿದ್ದು ಇಷ್ಟು:
ನಲವತ್ತೈದರ ಅಕ್ಟೋಬರಿನಲ್ಲಿ ತಾಸು ವಾಪಸು ಬಂತು.
ಅಪ್ಪ ಜೇಬಿನ ಗಡಿಯಾರ ತೆಗೆದು, ಮುಳ್ಳು ಹಿಂದಕ್ಕೆ ತಿರುವಿ,
ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತಿದ್ದನಂತೆ,
ಬುತ್ತಿ ಇಲ್ಲದ ಕೈ, ಇನ್ನೂ ಕೂಗದ ಕೋಳಿ.
ಅವ್ವ ಕಣ್ಣು ತೆರೆಯದೆ ಕೇಳಿದಳಂತೆ,
ಮೂರು ವರ್ಷ ಊರಾಚೆ ಇದ್ದವನನ್ನು ಕೇಳುವ ಹಾಗೆ:
"ಈಗ ಬಂದ್ರೇನು ಮನಿಗೆ?"
ಬುಡ್ಡಿ ಹಚ್ಚಲಿಲ್ಲ.
ಮಗ್ಗುಲು ಬದಲಿಸಿ, ಕೌದಿ ಎಳೆದುಕೊಂಡಳು.

ಫೋನಿನಲ್ಲಿ ಅಕ್ಕನ ಮೊಮ್ಮಗಳ ದನಿ,
ಯಾರನ್ನೋ ಎಬ್ಬಿಸುತ್ತಿದ್ದಾಳೆ:
ಏಳು, ಏಳು.
ಅಕ್ಕ ನಗುತ್ತಾಳೆ.
"ಕೇಳಿದೇನು? ಎರಡು ಸಲ ಅಂದ್ಲು."