ತಿಳಿದ ಮಟ್ಟಿಗೆ

ಕಾಗದದಲ್ಲಿ ಎರಡು ಚೌಕಗಳಿದ್ದವು.
ಬಣ್ಣದಲ್ಲಿ ಸೀಸವಿರುವುದು ಮಾಲೀಕನಿಗೆ ತಿಳಿದಿದೆ.
ತಿಳಿದಿಲ್ಲ.
ಎರಡನೆಯದರಲ್ಲಿ ಗೀಟೆಳೆದೆ.
ಪೆನ್ನು ಸರಾಗ ಹರಿಯಿತು.

ಕೆಬ್ಬೆ ಅಂದು ಕೆಲಸದಿಂದ ನೇರ ಬಂದಿದ್ದಳು,
ಆಸ್ಪತ್ರೆಯ ಲಾಂಡ್ರಿಯ ಹಬೆ ಇನ್ನೂ ಕೂದಲಲ್ಲಿ.
ಸರ್ಕಾರದ ಪುಸ್ತಿಕೆ ಕೊಡಬೇಕು, ಕೊಟ್ಟೆ.
ಮಡಿಸಿ ಮಗುವಿನ ಚೀಲಕ್ಕೆ ತುರುಕಿದಳು,
ಬಿಸಿನೀರು ಬರುತ್ತದಾ ಎಂದಳು.
ಬರುತ್ತದೆ ಎಂದೆ. ಅದು ನಿಜ.

ನನ್ನ ಅಡುಗೆಮನೆಯ ಮೂರನೇ ಡ್ರಾಯರಿನಲ್ಲಿ
ಗ್ಯಾಸಿನ ಹಳೇ ಬಿಲ್ಲುಗಳ ಅಡಿಗೆ
ಅಪ್ಪ ಇಟ್ಟುಹೋದ ವರದಿಯೊಂದಿತ್ತು:
ಕಿಟಕಿ ಚೌಕಟ್ಟು, ಇದೆ. ಮೆಟ್ಟಿಲ ಕಟಕಟೆ, ಇದೆ. ಹಿಂಬಾಗಿಲು, ಇದೆ.
ಡ್ರಾಯರು ಎಳೆಯದವನಿಗೆ ತಿಳಿದಂತಲ್ಲ
ಎಂಬುದು ನನ್ನ ಲೆಕ್ಕ.

ಅಪ್ಪ ಕೇಪ್ ವರ್ಡಿಯಿಂದ ಹಡಗಿನಲ್ಲಿ ಬಂದವನು.
ಬಂದರಿನಲ್ಲಿ ಮೂಟೆ ಹೊತ್ತು
ಪ್ರಾವಿಡೆನ್ಸಿನಲ್ಲಿ ಈ ಮೂರು ಮಹಡಿಯ ಮರದ ಮನೆ ಕೊಂಡ.
ಈಸ್ಟರ್ ಬಂತೆಂದರೆ ಕಿಟಕಿಗಳಿಗೆ ತಾನೇ ಬಣ್ಣ,
ಹಳತರ ಮೇಲೆ ಹೊಸತು, ಹೊಸತರ ಮೇಲೆ ಹೊಸತು.
ನಮ್ಮ ಬಣ್ಣ ಅಷ್ಟು ಸುಲಭಕ್ಕೆ ಬಯಲಾಗದು, ಎಂದು ನಗುತ್ತಿದ್ದ.

ಫೆಬ್ರವರಿಯಲ್ಲಿ ಆರೋಗ್ಯ ಇಲಾಖೆಯ ಫೋನು.
ಎರಡನೇ ಮಹಡಿಯ ಮಗು, ಫ್ಲೋಮೊ, ಹತ್ತೊಂಬತ್ತು ತಿಂಗಳು.
ರಕ್ತದಲ್ಲಿ ಸೀಸ ಹದಿನೇಳು.
ಕಿವಿಗೆ ಕಾದ ಸೀಸ ಹೊಯ್ದ ಹಾಗೆ, ಅನ್ನುತ್ತಾರಲ್ಲ,
ಹಾಗೇನೂ ಆಗಲಿಲ್ಲ.
ಹದಿನೇಳು ಏನು, ಎಂದು ಕೇಳಿದೆ
ಬಾಡಿಗೆ ಬಾಕಿ ವಿಚಾರಿಸಿದವನಂತೆ.

ಇನ್‌ಸ್ಪೆಕ್ಟರ್ ಕಿಟಕಿಯನ್ನು ಒಮ್ಮೆ ಎತ್ತಿ, ಒಮ್ಮೆ ಇಳಿಸಿದ. ಅಷ್ಟೇ.
ಮರಕ್ಕೆ ಮರ ಉಜ್ಜಿ
ಹಿಟ್ಟಿನಂಥ ಹುಡಿ ಬಿಸಿಲಿನಲ್ಲಿ ಇಳಿಯಿತು
ಆಟಿಕೆಯ ಟ್ರಕ್ಕಿನ ಮೇಲೆ.
ಅಂಚಿನಲ್ಲಿ ಪುಟ್ಟ ಹಲ್ಲುಗಳ ಗುರುತು.
ಸಿಹಿ ಇರುತ್ತದೆ, ಅದಕ್ಕೇ, ಎಂದ.

ನಾನು ದಿನಾ ಗುಡಿಸುತ್ತೇನೆ, ಎಂದಳು ಕೆಬ್ಬೆ. ನನಗೆ.
ತಪ್ಪು ತನ್ನದೆಂಬಂತೆ. ಪೊರಕೆ ತಂದೂ ತೋರಿಸಿದಳು.
ಒಣ ಪೊರಕೆ ಹುಡಿಯನ್ನು ಎಬ್ಬಿಸುತ್ತದೆ,
ಒದ್ದೆ ಬಟ್ಟೆಯಲ್ಲಿ ಒರೆಸಬೇಕು:
ಅದೆಲ್ಲ ಪುಸ್ತಿಕೆಯಲ್ಲಿತ್ತು, ಅವಳು ಓದಬಲ್ಲ ಭಾಷೆಯಲ್ಲೇ.
ಓದುವಷ್ಟು ಹೊತ್ತು ಮಾತ್ರ
ಬಾಡಿಗೆಯಲ್ಲಿ ಸೇರಿರಲಿಲ್ಲ.

ಆಮೇಲೆ ನಾನು ಮಾಡಿದ್ದೆಲ್ಲ ಕಾನೂನು ಹೇಳಿದ್ದೇ.
ತಾಯಿ ಮಗುವಿಗೆ ಹೋಟೆಲಿನ ಕೋಣೆ, ನನ್ನ ಖರ್ಚು.
ಪರವಾನಗಿ ಇದ್ದ ಕೆಲಸಗಾರರು, ಬಾಗಿಲಿಗೆ ಪ್ಲಾಸ್ಟಿಕ್,
ನೀರು ಚಿಮುಕಿಸಿ, ಹುಡಿ ಏಳದಂತೆ, ಕೆರೆದರು.
ಮೂರನೇ ದಿನ ಅವರ ಯಜಮಾನತಿ ಇಲ್ಡಾ ಕರೆದಳು:
ಬಾ, ಇಲ್ಲಿ ನೋಡು.

ಬಿಳಿ. ಕೆನೆ. ಬಿಳಿ. ಬಟಾಣಿ ಹಸಿರು.
ಆ ಹಸಿರಿನ ಕಾಲದಲ್ಲಿ ಎರಡನೇ ಮಹಡಿ ನಮ್ಮದು.
ಹಸಿರಿನಲ್ಲಿ ಇನ್ನೊಂದು ಸಾಲು ಹಲ್ಲು.
ನನ್ನವೂ ಇರಬಹುದಿತ್ತು.
ಆದರೆ ಸಾಲಿನ ನಡುವೆ ಒಂದು ತೆರಪು.
ಹಿಂದಿನ ಮೆಟ್ಟಿಲಿನಿಂದ ಬಿದ್ದು
ಎರಡು ವರ್ಷಕ್ಕೇ ಮುಂಬಲ್ಲು ಕಳೆದುಕೊಂಡವನು
ಝೆಕಾ, ನನ್ನ ತಮ್ಮ.

ಏಳರ ಮಗ್ಗಿ ಬಾಯಿಗೆ ಬಾರದ ಝೆಕಾ.
ಅಪ್ಪ ಬೆಲ್ಟು ಬಿಚ್ಚುತ್ತಿದ್ದ. ಏಳೊಂದ್ಲ? ಏಳು.
ಏಳೆರಡ್ಲ?
ನಾನು ಪಕ್ಕದಲ್ಲಿ ಕೂತು
ಉತ್ತರ ಗೊತ್ತಿದ್ದೂ ಸುಮ್ಮನಿರುತ್ತಿದ್ದೆ.

ಈಗ ಅವನಿಗೆ ಅರವತ್ತೊಂದು, ಬೇಕರಿಯಲ್ಲಿ ರಾತ್ರಿ ಪಾಳಿ.
ಬಸ್ಸಿನಲ್ಲಿ ಚಿಲ್ಲರೆ ಎರಡು ಸಲ ಎಣಿಸುತ್ತಾನೆ,
ಹಿಂದಿನವರು ಗೊಣಗಿದರೆ ಮೂರು ಸಲ.

ಮೊನ್ನೆ ಮೂರನೇ ಮಹಡಿಗೆ ಹೊಸಬರು ಬಂದರು.
ಮೊದಲ ಚೌಕದಲ್ಲಿ ಗೀಟೆಳೆದೆ, ವರದಿಯನ್ನು ಲಗತ್ತಿಸಿದೆ,
ಸಹಿಯ ಪ್ರತಿ ಮೂರು ವರ್ಷ ಇಡಬೇಕು, ಇಡುತ್ತೇನೆ.
ಫ್ಲೋಮೊನ ಅಂಕಿ ಒಂಬತ್ತಕ್ಕೆ ಇಳಿದಿದೆ.
ಇಳಿದದ್ದು ಅಂಕಿ, ಎನ್ನುತ್ತಾಳೆ ಡಾಕ್ಟರು, ಮುಂದೆ ಮಾತಾಡುವುದಿಲ್ಲ.

ಇಂದು ಭಾನುವಾರ. ಝೆಕಾ ಊಟಕ್ಕೆ ಬರುತ್ತಾನೆ.
ಅವನಿಗೆ ಕೊಡಬೇಕಾದ ಕಾಗದ ಯಾವ ಇಲಾಖೆಯಲ್ಲೂ ಇಲ್ಲ.
ಕರವಸ್ತ್ರದ ಮೇಲೆ ಎರಡು ಚೌಕ ಬರೆದು ಕೂತಿದ್ದೇನೆ.
ಬಾಗಿಲ ಹೊರಗೆ ಐದೇ ಮೆಟ್ಟಿಲು.
ಅವನು ಇಂದಿಗೂ
ಒಂದೊಂದನ್ನೂ ಎಣಿಸುತ್ತ ಹತ್ತುತ್ತಾನೆ.