ಎರಡನೇ ಕೋಟು

ಮಡಗಾಂವಿನಿಂದ ಝುವಾರಿನಗರಕ್ಕೆ ಹದಿನೇಳು ಮಂದಿ,
ಒಂದೇ ಬಣ್ಣದ ಟೀ ಶರ್ಟು, ಬೆನ್ನ ಮೇಲೆ ವಚನ.
ಕನ್ನಡ ಬಲ್ಲವಳು ನಾನೊಬ್ಬಳೇ ಎಂದು
ಮುಂದೆ ನಿಲ್ಲಿಸಿದರು.

'ಪ್ರೀತಿ ತಂದಿದ್ದೇವೆ ಅನ್ನು' ಎಂದ ಸಾವಿಯೊ.
ನನ್ನ ಮಂಗಳೂರು ಬಾಯಲ್ಲಿ ಅದು
'ಅಂಗನವಾಡಿ ಗೋಡೆಗೆ ಬಣ್ಣ ಹೊಡೆಯುತ್ತೇವೆ' ಎಂದಾಯಿತು.
ನೀಲವ್ವ ನಕ್ಕಳು:
'ಹ್ವಾದ ವರ್ಷಾನೂ ಹೊಡದ್ರಿ. ಹೊಡೀರಿ.'

ಏಣಿ ಹಿಡಿದು ನಿಂತವನು ಅವಳ ಗಂಡ.
ಸಂಜೆ ಸೀಮೆಎಣ್ಣೆ ಸುರಿದು ನಮ್ಮ ಕೈ ತೊಳೆಸುವಾಗ
ಅವನ ಉಗುರ ಸಂದಿಯಲ್ಲಿ ಕಂಡೆ
ಹಳೆಯ ಹಸಿರು, ಅದಕ್ಕೂ ಹಳೆಯ ಕೆಂಪು.
'ಪೇಂಟರಾ ನೀವು?'
'ಹೂಂನ್ರಿ. ಇವತ್ತ ನಾಕಾದಾಗ ಕೆಲಸ ಸಿಗಲಿಲ್ಲ.'

ಇದನ್ನು ಸಾವಿಯೊಗೆ ಅನುವಾದಿಸಲಿಲ್ಲ.
ರೊಟ್ಟಿ, ಶೇಂಗಾ ಚಟ್ನಿ, ಹದಿನೇಳು ತಟ್ಟೆ;
ಎಷ್ಟು ಮನೆಯಿಂದ ಬಂದವೋ, ಅದನ್ನೂ ಕೇಳಲಿಲ್ಲ.

ಈಗ ಪಟ್ಟಿ ಬರೆಯುವವಳು ನಾನೇ:
ಬ್ರಶ್ಶು, ಬಕೆಟ್ಟು, ಬಸ್ಸು.
ಬರೆದು, ಬಸ್ಸು ಹೊಡೆದುಹಾಕುತ್ತೇನೆ.

ಆ ವರ್ಷವೇ ಒಂದು ಭಾನುವಾರ
ತಡವಾಗಿ ಓಡಿ ಬಂದಾಗ
ಇಗರ್ಜಿಯ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ,
ಬಾರಿನ ಮೇಲೆ ನಮ್ಮ ಹಳದಿಯ ಹನಿ.
ಊರೆಲ್ಲ ಬೂಟು ತೊಟ್ಟು ಒಳಗೆ ಕೂತಿತ್ತು.
ದಾಟಿಕೊಂಡು ಮೇಲೆ ಹತ್ತಿದೆ, ಹಾಡಬೇಕಿತ್ತು.
ಯಾರು ಸರಿದು ಜಾಗ ಕೊಟ್ಟರೋ
ಮೇಲಿಂದ ಕಾಣುವುದಿಲ್ಲ.