ಬಾಗಿಲು ಕಾಣುವ ಕುರ್ಚಿ

ಹೋಟೆಲಿಗೆ ಹೋದರೆ ಅವನಿಗೆ ಮೂಲೆಯ ಕುರ್ಚಿಯೇ ಬೇಕು,
ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು.
ನೌಕಾಪಡೆಯ ಶಿಸ್ತು, ಅಂದುಕೊಂಡೆ
ಮದುವೆಯಾದ ಹೊಸದರಲ್ಲಿ.
ಮೂವತ್ತೆಂಟು ವರ್ಷ ಹಾಗೆಯೇ ಅಂದುಕೊಂಡೆ.

ಬಚ್ಚಲಿಗೆ ಒಳಗಿನಿಂದ ಎರಡು ಚಿಲಕ.
ನಿಂಬೆ ವಾಸನೆಯ ಸಾಬೂನುಪುಡಿ ತಂದರೆ
ಡಬ್ಬಿಯನ್ನೇ ಎತ್ತಿ ಹೊರಗಿನ ಹಿಮದಲ್ಲಿಟ್ಟು
ಅಲ್ಲೇ ನಿಂತಿರುತ್ತಿದ್ದ, ಟೋಪಿಯಿಲ್ಲದೆ.
ಮಲಗಿದ್ದವನ ಹೆಗಲು ಮುಟ್ಟಿ ಎಬ್ಬಿಸಬಾರದು;
ಕೋಣೆಯ ಆಚೆ ತುದಿಯಲ್ಲಿ ನಿಂತು
ಹೆಸರು ಹಿಡಿದು ಕರೆಯಬೇಕು: ವೇಯ್ನೋ, ವೇಯ್ನೋ,
ನಾನು, ಐಲಿ, ಬೆಳಗಾಗಿದೆ.
ಇದನ್ನು ನನಗಾರೂ ಕಲಿಸಲಿಲ್ಲ.
ಮುರಿದ ನನ್ನದೊಂದು ಹಲ್ಲು ಕಲಿಸಿತು.

ಹೇಳಿದ್ದು ಹೋದ ಅಕ್ಟೋಬರಿನಲ್ಲಿ,
ನಾನು ಮೀನಿನ ಹುರುಪೆ ಕೆರೆಯುತ್ತಿದ್ದಾಗ.
ಹತ್ತೊಂಬತ್ತು ವಯಸ್ಸು, ಅಂದ.
ಹಡಗಿನ ಲಾಂಡ್ರಿ, ಕೆಳಗಿನ ಅಂತಸ್ತು, ಅಂದ.
ಇಬ್ಬರು. ಮೂರನೆಯವನು ಬಾಗಿಲಿಗೆ ಒರಗಿ ನಿಂತಿದ್ದ,
ಅವನು ನನ್ನ ಗೆಳೆಯ, ಅಂದ.
ಬೆಳಗ್ಗೆ ಅದೇ ಮೂವರ ಹಿಂದೆ ಸಾಲಿನಲ್ಲಿ ನಿಂತು
ತಟ್ಟೆಗೆ ಮೊಟ್ಟೆ ಹಾಕಿಸಿಕೊಂಡೆ.
ಎದ್ದು ಮನೆಗೆ ಹೋಗಿಬಿಡೋಣವೆಂದರೆ, ಐಲಿ,
ಸಮುದ್ರದ ನಡುವೆ ನೆಲ ಎಲ್ಲಿದೆ?
ಮೇಲಿನವನಿಗೆ ಹೇಳಿದೆ.
ಪೆನ್ನು ಕೂಡ ಮುಟ್ಟದೆ ನಕ್ಕ:
ಗಂಡಸಲ್ಲವೇನೋ ನೀನು?

ನನ್ನ ಬಾಯಿಗೆ ಏನೇನು ಬಂತು!
ಯಾಕೆ ಇಷ್ಟು ವರ್ಷ, ಯಾಕೆ ನನಗೂ,
ಯಾಕೆ ಕೂಗಲಿಲ್ಲ, ಇನ್ನೂ ಬದುಕಿದ್ದಾರಾ ಅವರು.
ಎಲ್ಲ ಮುಳ್ಳುಗಳನ್ನೂ ನನ್ನ ಗಂಟಲಲ್ಲೇ ಇಟ್ಟುಕೊಂಡು,
ಕೈ ತೊಳೆದು, ನಂಬುತ್ತೇನೆ, ಅಂದೆ.
ಇನ್ನೊಂದು ಮಾತು ಸೇರಿಸಲು ಹೋಗಿ
ಅಳು ಬಂತು. ಅವನೇ ನನಗೆ ನೀರು ತಂದುಕೊಟ್ಟ.
ಅದು ನನ್ನ ತಪ್ಪು. ಆಮೇಲಿನ ಅಳುವನ್ನೆಲ್ಲ
ತಂಗಿಯ ಮನೆಗೆ ಒಯ್ದೆ, ಕಾರಣ ಹೇಳದೆ.

ಈಗ ಗುರುವಾರ ಸಂಜೆ ಲೂಥರನ್ ಚರ್ಚಿನ ನೆಲಮಾಳಿಗೆ.
ಅವನನ್ನು ಇಳಿಸಿ ಕಾರಿನಲ್ಲೇ ಕೂರುತ್ತೇನೆ,
ಹೀಟರ್ ಹಾಕಿಕೊಂಡು, ಕಾಲುಚೀಲ ಹೆಣೆಯುತ್ತ.
ಒಳಗೇನಾಯಿತು ಎಂದು ಕೇಳುವುದಿಲ್ಲ.
ಹೇಳಿದರೆ ಸೂಜಿ ನಿಲ್ಲಿಸುತ್ತೇನೆ.
ಕೆಲವು ವಾರ ಇಳಿಯುವುದೇ ಇಲ್ಲ ಅವನು,
ಸೀಟುಬೆಲ್ಟು ಹಿಡಿದು ಕೂತುಬಿಡುತ್ತಾನೆ.
ವಾಪಸು ಬರುವಾಗ ಡೋನಟ್ ತಿನ್ನುತ್ತೇವೆ.
ಅದೂ ಗುರುವಾರವೇ.

ಮಾರ್ಚಿನಲ್ಲಿ ಒಂದು ಸಂಜೆ ಕಿಟಕಿ ತಟ್ಟಿದಳು ಜೋಲೀನ್.
ಒಜಿಬ್ವೆ ಹುಡುಗಿ, ಇಪ್ಪತ್ತಾರಿರಬಹುದು,
ಸೈನ್ಯದಲ್ಲಿ ಟ್ರಕ್ಕು ರಿಪೇರಿ ಮಾಡುತ್ತಿದ್ದವಳು.
ಮೂರು ತಿಂಗಳು ಮೆಟ್ಟಿಲ ಮೇಲೇ ಕೂತು
ಒಳಗಿನ ಮಾತು ಕೇಳಿಸಿಕೊಂಡು ಹೊರಟುಹೋಗುತ್ತಿದ್ದಳು.
"ನಿಮ್ಮ ವೇಯ್ನೋ ಇವತ್ತು ಎದ್ದು
ತಮ್ಮ ಕುರ್ಚಿ ನನಗೆ ಕೊಟ್ಟರು.
ಗೋಡೆ ಪಕ್ಕದ್ದು. ಬಾಗಿಲು ಕಾಣುವುದು."
ಮತ್ತೆ ಅವನು?
"ಬಾಗಿಲಿಗೆ ಬೆನ್ನು ಹಾಕಿ ಕೂತರು.
ಅಂಗಿಯೆಲ್ಲ ಬೆವರು. ಕೊನೆಯವರೆಗೂ ಕೂತಿದ್ದರು."

ಅವನು ಬಂದ. ಒಂದೇ ಕೈಗವಸು.
ನಾನು ಏನೂ ಕೇಳಲಿಲ್ಲ.
ನಮ್ಮ ಮನೆ ಡುಲೂತಿನ ಎತ್ತುಸೇತುವೆಯ ಆಚೆ, ಮರಳದಿಣ್ಣೆಯ ಮೇಲೆ.
ಸೇತುವೆ ಎದ್ದುನಿಂತಿತ್ತು. ವರ್ಷದ ಮೊದಲ ಹಡಗು
ಸರೋವರದ ಮಂಜುಗಡ್ಡೆ ಸೀಳುತ್ತ
ಅದಿರು ತುಂಬಿಕೊಳ್ಳಲು ಬರುತ್ತಿತ್ತು.
ಹಡಗು ಕೂಗಿತು: ಒಂದು ಉದ್ದ, ಎರಡು ಗಿಡ್ಡ.
ಸೇತುವೆ ಅದೇ ಉದ್ದ, ಅದೇ ಗಿಡ್ಡ ತಿರುಗಿ ಕೂಗಿತು,
ತನ್ನದೊಂದನ್ನೂ ಸೇರಿಸದೆ.
ಪ್ರತಿ ವರ್ಷ ಈ ಸದ್ದಿಗೆ ರೇಡಿಯೋ ಜೋರು ಮಾಡುವವನು
ಗಾಜನ್ನು ಎರಡು ಬೆರಳಷ್ಟು ಇಳಿಸಿದ.
ಚಳಿ ನುಗ್ಗಿತು.
ಮಡಿಲಿನ ಹೆಣಿಗೆಯನ್ನು ಅವನ ಬರಿಗೈಯ ಹತ್ತಿರ ಇಟ್ಟೆ,
ಮುಟ್ಟದೆ.
ಅರ್ಧ ಕಾಲುಚೀಲ. ಅದರೊಳಗೇ ಕೈ ತೂರಿಸಿದ.
ಸೂಜಿ ಚುಚ್ಚುತ್ತದೆ, ಅಂದ.
ತೆಗೆಯಲಿಲ್ಲ.